ಭಾವನವರು ಆರಿಸಿದ ಸ್ಪೀಕರುಗಳು

ನಮ್ಮ ಭಾವನವರೂ ಅಕ್ಕನೂ ಬಟ್ಟೆ ಗಿರಣಿಯ ಮಗ್ಗಗಳ ಗದ್ದಲದಲ್ಲಿ ದುಡಿದು, ದನಿಯಿಲ್ಲದೆ ತುಟಿಯಾಡಿಸಿಯೇ ಮಾತನಾಡಲು ಕಲಿತವರು. ನಿವೃತ್ತರಾದ ಮೇಲೆ, 1988ರ ಜೂನ್ 12ರ ಭಾನುವಾರ, ಮನೆಯಲ್ಲಿ ಹಾಡು ಕೇಳಲೆಂದು ಅಗ್ಗದ ಸ್ಟೀರಿಯೊ ಸ್ಪೀಕರ್ ಕೊಳ್ಳಲು ಹೊರಟರು. ನಾನೂ ಜೊತೆಗಿದ್ದೆ.

ಅಂಗಡಿಯವನು ಹಾಕಿದ ದೊಡ್ಡ ಜೊತೆ ಸ್ಪೀಕರುಗಳ ಅಬ್ಬರಕ್ಕೆ ಭಾವನವರ ಮುಖ ಅರಳಿತು. ಅಕ್ಕ ಏನೋ ತುಟಿಯಾಡಿಸಿದಳು. ಅವರೂ ತುಟಿಯಲ್ಲೇ ಉತ್ತರಿಸಿದರು. ಮರುಕ್ಷಣವೇ ಬೆಚ್ಚಿ, ಹಾಡು ನಿಲ್ಲಿಸಲು ಕೈಸನ್ನೆ ಮಾಡಿದರು.

“ಏನೇ, ಮತ್ತೆ ಮಗ್ಗದ ಮುಂದೆ ನಿಂತ ಹಾಗಾಯ್ತಲ್ಲ!”

“ಮತ್ತೇನ್ರೀ? ಇನ್ನಾದ್ರೂ ಬಾಯ್ತುಂಬಾ ಮಾತಾಡೋಣ ಅಂದ್ರೆ, ಗಿರಣೀನೇ ಮನೆಗೆ ಹೊತ್ಕೊಂಡ್ ಬರ್ತೀರಾ?”

ಅಂಗಡಿಯವನು ಹಾಡಿನ ದನಿ ತಗ್ಗಿಸಿ ಮತ್ತೆ ಹಾಕಿದಾಗ ದೊಡ್ಡ ಜೊತೆ ಮಂಕಾಯಿತು. ಆಮೇಲೆ ಹಾಕಿದ ಚಿಕ್ಕ ಜೊತೆ ಮೆಲುದನಿಯಲ್ಲೂ ಇಂಪಾಗಿ ಹಾಡಿತು. ನಡುವೆ ಅಕ್ಕನ ಗೊಣಗಾಟವೂ ಸ್ಪಷ್ಟವಾಗಿ ಕೇಳಿಸಿತು.

“ಇದನ್ನೇ ಕಟ್ಟಿಕೊಡಪ್ಪ,” ಎಂದರು ಭಾವನವರು.