ವಕೀಲರ ಪಡಸಾಲೆಯಲ್ಲಿ ನಿಂತುಹೋದ ಕಾದಂಬರಿ

೧೯೫೨ರ ಮಳೆಗಾಲದ ಹೊತ್ತಿಗೆ ನಾನು ಶಹಾಪುರದ ಒಂದು ಗ್ರಂಥಾಲಯಕ್ಕೆ ಗ್ರಂಥಪಾಲಕನಾಗಿ ಬಂದೆ. ಗ್ರಂಥಾಲಯವೆಂದರೆ ಒಂದೇ ಕೋಣೆ, ನಾಲ್ಕು ಕಪಾಟು, ಕಾಲು ಮುರಿದ ಒಂದು ಮೇಜು. ನಿಜಾಮರ ಕಾಲದ ‘ಕುತುಬ್‌ಖಾನಾ’ ಎಂಬ ಬೋರ್ಡನ್ನು ಇಳಿಸಿ ಗೋಡೆಗೆ ಆನಿಸಿಟ್ಟಿದ್ದರು, ಕನ್ನಡದ ಬೋರ್ಡು ಇನ್ನೂ ಬರೆಸಿರಲಿಲ್ಲ. ಹೀಗಾಗಿ ಬಹಳ ದಿನ ನಾನು ಹೆಸರಿಲ್ಲದ ಕೋಣೆಯೊಂದರ ಅಧಿಕಾರಿಯಾಗಿದ್ದೆ.

ನನ್ನ ಓದೆಲ್ಲ ಯಾದಗಿರಿಯಲ್ಲಿ, ಉರ್ದುವಿನಲ್ಲಿ ಆದದ್ದು. ಕನ್ನಡವನ್ನು ಕಲಿಸಿದವಳು ಅವ್ವ. ಆಗ ಕನ್ನಡ ತಡವರಿಸದೆ ಓದಬಲ್ಲವನು ಸಿಕ್ಕರೆ ಸಾಕು, ನೌಕರಿ ಮನೆ ಬಾಗಿಲಿಗೆ ಬರುತ್ತಿತ್ತು. ನನಗೂ ಹಾಗೇ ಬಂತು.

ಬಂದ ಹೊಸತರಲ್ಲಿ ಮೇಲಿನಿಂದ ಒಂದು ಹುಕುಂ ಬಂತು. ಹರೆಯದ ಹುಡುಗ ಹುಡುಗಿಯರಿಗಾಗಿ ಕನ್ನಡ ಕಾದಂಬರಿಗಳ ಒಂದು ಪ್ರತ್ಯೇಕ ಕಪಾಟು ಮಾಡಬೇಕು. ಓದಿ ಆರಿಸಿ ಶಿಫಾರಸು ಮಾಡುವವನು ನಾನು, ಮಂಜೂರು ಮಾಡುವುದು ಊರ ಹಿರಿಯರ ಸಮಿತಿ. ಕೆಲಸ ನನಗೆ ಹಬ್ಬದಂತಿತ್ತು. ಹುಬ್ಬಳ್ಳಿ ಕಡೆಯಿಂದ ಬಂದ ಪುಸ್ತಕದ ಗಂಟು ಬಿಚ್ಚಿ ಕೂತರೆ ಊಟದ ನೆನಪಾಗುತ್ತಿರಲಿಲ್ಲ. ಆ ಹುಡುಗರಿಗೆ ಏನು ಬೇಕು ಎಂಬುದು ನನಗೆ ಗೊತ್ತಿತ್ತು, ನಾನೂ ಅವರಿಗಿಂತ ಬಹಳ ದೊಡ್ಡವನಾಗಿರಲಿಲ್ಲ. ಯಾರಾದರೂ ಸಾಯಬೇಕು, ಯಾರಾದರೂ ಯಾರನ್ನಾದರೂ ಪ್ರೀತಿಸಬೇಕು, ಯಾರಾದರೂ ಗಟ್ಟಿ ನಿಲ್ಲಬೇಕು. ರಜಾಕಾರರ ಗಲಾಟೆ, ಆಮೇಲಿನ ಪೊಲೀಸ್ ಕಾರ್ಯಾಚರಣೆ, ಎರಡೂ ಮುಗಿದು ನಾಲ್ಕು ವರ್ಷವಾಗಿತ್ತಷ್ಟೇ. ಹಿಂದೂಗಳ ಮನೆಯಿರಲಿ ಮುಸಲ್ಮಾನರ ಮನೆಯಿರಲಿ, ಏನನ್ನಾದರೂ ಕಳೆದುಕೊಳ್ಳದ ಮನೆ ಕಡಿಮೆ. ಸಾವಿನ ಆಚೆ ಏನಿದೆ ಎಂದು ಹೇಳುವ ಪುಸ್ತಕ ಅವರಿಗೆ ಬೇಕಿತ್ತು.

ಸಮಿತಿಯ ಕಥೆ ಬೇರೆ. ಅದರ ಅಧ್ಯಕ್ಷರು ಊರಿನ ಹೆಸರಾಂತ ವಕೀಲರು, ರಾಘಪ್ಪನವರು. ನಿಜಾಮರ ಆಳ್ವಿಕೆಯಿಂದ ವಿಮೋಚನೆಗಾಗಿ ಜೇಲಿಗೆ ಹೋಗಿ ಬಂದವರು. ಫಾರ್ಸಿ, ಉರ್ದು ಎರಡರಲ್ಲೂ ಪಂಡಿತರು. ಆದರೆ ಕನ್ನಡವನ್ನು ಆಡಿದ್ದೇ ಹೊರತು ಓದಿದ್ದಿಲ್ಲ, ಅಕ್ಷರ ಕೂಡಿಸಿ ಕೂಡಿಸಿ ಒಂದು ಪುಟ ಮುಗಿಸುವಷ್ಟರಲ್ಲಿ ಎಲೆಅಡಿಕೆಯ ತಾಟು ಖಾಲಿಯಾಗುತ್ತಿತ್ತು. ಉಳಿದ ಸದಸ್ಯರ ಸ್ಥಿತಿಯೂ ಅಷ್ಟೇ. ಕನ್ನಡ ಕಾದಂಬರಿಗಳಿಗೆ ಮಂಜೂರಾತಿ ಕೊಡುವ ಸಮಿತಿಗೆ ಕನ್ನಡ ಓದಲು ಬರದು! ಹಾಗಾಗಿ ಒಂದು ಪದ್ಧತಿ ಬಿತ್ತು. ಸಂಜೆ ಕಚೇರಿ ಬಿಟ್ಟ ಮೇಲೆ ನಾನು ವಕೀಲರ ಪಡಸಾಲೆಗೆ ಹೋಗಿ ಕಾದಂಬರಿಯನ್ನು ಗಟ್ಟಿಯಾಗಿ ಓದಬೇಕು, ಅವರು ಕೇಳಿ ಫೈಸಲಾ ಮಾಡಬೇಕು. ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ ಕೇಳಿದ ಹಾಗೆ.

ಸದಸ್ಯರು ಕೆಲವು ದಿನ ಬಂದು, ತೂಕಡಿಸಿ, ಬರುವುದನ್ನು ಬಿಟ್ಟರು. ವಕೀಲರು ಮಾತ್ರ ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಅವರ ಬೆನ್ನ ಹಿಂದೆ ಒಳಮನೆಯ ಬಾಗಿಲಿಗೆ ಒಂದು ಪರದೆ. ನಾನು ಓದುವಾಗ ಆಚೆ ಬೇಳೆ ಹಸನು ಮಾಡುವ ಮೊರದ ಸಪ್ಪಳ ಕೇಳುತ್ತಿತ್ತು. ಕಥೆ ಬಿಗಿಯಾದರೆ ಮೊರ ನಿಲ್ಲುತ್ತಿತ್ತು. ಬರಬರುತ್ತ ನಾನು ವಕೀಲರ ಮುಖ ನೋಡುವುದನ್ನು ಬಿಟ್ಟು ಮೊರಕ್ಕೆ ಕಿವಿಗೊಟ್ಟು ಪುಸ್ತಕದ ಗುಣ ಅಳೆಯತೊಡಗಿದೆ. ಮೊರದ ಅಭಿಪ್ರಾಯ ಒಂದು ಸಲವೂ ತಪ್ಪಾಗಿರಲಿಲ್ಲ.

ಪರದೆಯ ಹಿಂದೆ ಇದ್ದವಳು ಸುಶೀಲಾ, ವಕೀಲರ ಸೊಸೆ. ಅವರ ಒಬ್ಬನೇ ಮಗ ಗಲಾಟೆಯ ವರ್ಷ ಗಡಿಯಾಚೆಯ ಹೋರಾಟಗಾರರ ಶಿಬಿರಕ್ಕೆ ಹೋಗಿ, ಅಲ್ಲಿ ವಾಂತಿಭೇದಿಯಿಂದ ತೀರಿಕೊಂಡಿದ್ದ. ಗುಂಡಿನಿಂದ ಸತ್ತಿದ್ದರೆ ಹುತಾತ್ಮನೆನ್ನುತ್ತಿದ್ದರು, ಕೆಟ್ಟ ನೀರಿನಿಂದ ಸತ್ತವನನ್ನು ಯಾರೂ ಏನೂ ಎನ್ನಲಿಲ್ಲ. ಸೊಸೆಗೆ ಆಗ ಹದಿನಾಲ್ಕೋ ಹದಿನೈದೋ. ತವರಿನಲ್ಲಿ ಕನ್ನಡ ಏಳನೆಯ ಇಯತ್ತೆ ಪಾಸಾಗಿ ಬಂದಿದ್ದಳು. ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ, ಊರೆಲ್ಲ ‘ದೊಡ್ಡ ಬಾಯಾರು’ ಎನ್ನುತ್ತಿದ್ದವರು, ಈ ಹುಡುಗಿಯ ಬೆನ್ನು ಹತ್ತಿದ್ದರು. ಕನ್ನಡ ಕಲಿಸುವ ಶಿಕ್ಷಕಿಯರ ಬರ ಎಷ್ಟಿತ್ತೆಂದರೆ, ಕಲಬುರ್ಗಿಯಲ್ಲಿ ತರಬೇತಿ ಮುಗಿಸಿದರೆ ನೌಕರಿ ಕೈಯಲ್ಲಿದ್ದಂತೆಯೇ. ವಕೀಲರು ಭಾಷಣದಲ್ಲಿ ಸ್ತ್ರೀಶಿಕ್ಷಣದ ಪರವಾಗಿ ಮಾತಾಡಿದವರು, ಮನೆಯಲ್ಲಿ ಬೇಡವೆನ್ನಲು ಬಾಯಿ ಬರಲಿಲ್ಲ. “ಆಕಿ ಹೂಂ ಅಂದ್ರ ನಂದೇನು ತಕರಾರಿಲ್ಲ” ಎಂದುಬಿಟ್ಟಿದ್ದರು. ಹುಡುಗಿ ಇನ್ನೂ ಹೂಂ ಅಂದಿರಲಿಲ್ಲ. ಯಾದಗಿರಿಗೆ ಹೋಗಿ ರೈಲು ಹತ್ತಬೇಕು, ನಡುವೆ ಭೀಮಾ ಹೊಳೆ. ಆ ಮನೆತನದಲ್ಲಿ ಗಂಡ ಸತ್ತ ಹೆಣ್ಣು ಒಬ್ಬಳೇ ಹೊಳೆ ದಾಟಿದ್ದಿಲ್ಲ.

ಇಂಥ ಹೊತ್ತಿನಲ್ಲಿ ಆ ಕಾದಂಬರಿ ನನ್ನ ಕೈಗೆ ಬಂತು. ರಟ್ಟು ಹರಿದಿತ್ತು, ಪುಸ್ತಕದ, ಬರೆದವರ ಹೆಸರಿದ್ದ ಹಾಳೆಯೇ ಇರಲಿಲ್ಲ. ಹೊಳೆದಂಡೆಯ ಊರಿನ ಒಬ್ಬ ಹುಡುಗಿ, ಮಹಾಪೂರದಲ್ಲಿ ಅವಳ ಗಂಡ ಕೊಚ್ಚಿಹೋಗುತ್ತಾನೆ. ಆಚೆ ದಂಡೆಯಲ್ಲಿ ಒಂದು ಶಾಲೆ, ಅಲ್ಲೊಬ್ಬ ಮಾಸ್ತರ. ಮೊದಲು ಅವನ ಶಾಲೆಯ ಗಂಟೆ ಅವಳಿಗೆ ಕೇಳುತ್ತದೆ, ಆಮೇಲೆ ಅವನ ಮಾತು. ಗಂಡನನ್ನು ನುಂಗಿದ ಹೊಳೆಯನ್ನೇ ದಾಟಿದರೆ ಮಾತ್ರ ಅವಳಿಗೆ ಬದುಕು. ದೊಡ್ಡ ಸಾಹಿತ್ಯವೆಂದು ನಾನು ಹೇಳುವುದಿಲ್ಲ, ಅಲ್ಲಲ್ಲಿ ಕಣ್ಣೀರು ಜಾಸ್ತಿಯೇ ಇತ್ತು. ಆದರೆ ಓದಿ ಮುಗಿಸಿದಾಗ ನನಗೆ ಎದ್ದು ಎಲ್ಲಿಗಾದರೂ ನಡೆಯಬೇಕೆನಿಸಿತ್ತು. ಹರೆಯದವರ ಪುಸ್ತಕಕ್ಕೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಪಡಸಾಲೆಯಲ್ಲಿ ಅದನ್ನು ಓದತೊಡಗಿದೆ. ಮೊರ ಮೊದಲ ಸಂಜೆಯೇ ನಿಂತಿತು, ಮತ್ತೆ ಶುರುವಾಗಲೇ ಇಲ್ಲ. ಪೂರದ ಅಧ್ಯಾಯ ಬಂದಾಗ ವಕೀಲರು ಶಲ್ಯದ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಓದು ನಿಲ್ಲಿಸಿದೆ.

“ಯಾಕ ನಿಂತಿ? ಓದು ಮುಂದ” ಎಂದು ಗದರಿದರು. ಧ್ವನಿ ಒಡೆದಿತ್ತು. ಆ ಮುದುಕರ ಮೇಲೆ ಅಂದು ನನಗೆ ಬಂದ ಪ್ರೀತಿಯನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕೊನೆಯ ಅಧ್ಯಾಯವೊಂದೇ ಉಳಿದಿತ್ತು. ನಾಯಕಿ ನಸುಕಿನಲ್ಲಿ ಹರಿಗೋಲಿನ ಮುಂದೆ ನಿಂತಿದ್ದಾಳೆ, ಹೊಳೆ ತುಂಬಿ ಹರಿಯುತ್ತಿದೆ, ಅಲ್ಲಿಗೆ ಆ ಸಂಜೆಯ ಓದು ಮುಗಿಯಿತು. ಪರದೆ ಸರಿಯಿತು. ಸುಶೀಲಾ ನೀರಿನ ತಂಬಿಗೆ ತಂದು ನನ್ನ ಮುಂದೆ ಇಟ್ಟಳು. ತಲೆ ತುಂಬ ಸೆರಗು, ಬರಿಯ ಕೈ. ಅವಳ ಧ್ವನಿ ಕೇಳಿದ್ದು ಆ ದಿನವೇ ಮೊದಲು.

“ಮಾಸ್ತರ್ರ, ಆಕಿ ದಾಟ್ತಾಳೇನ್ರಿ?”

ನಾನು ಬಾಯಿ ತೆರೆಯುವ ಮೊದಲೇ ವಕೀಲರು ಅಂದರು, “ನಾಳಿ ಓದಿದಾಗ ತಿಳೀತದ. ಒಳಗ ನಡಿಯವಾ.” ಸಿಟ್ಟಿನಿಂದಲ್ಲ, ಮೆತ್ತಗೇ ಅಂದರು. ಆದರೆ ಅವಳು ಒಳಗೆ ಹೋದ ಮೇಲೂ ಅವರ ಕಣ್ಣು ಪರದೆಯ ಮೇಲೆಯೇ ಇತ್ತು. “ಪುಸ್ತಕ ಇಲ್ಲೇ ಇಟ್ಟು ಹೋಗು” ಎಂದರು. ಇಟ್ಟು ಬಂದೆ. ಸಮಿತಿಯ ಅಧ್ಯಕ್ಷರು ಕೇಳಿದರೆ ಕೊಡದಿರಲು ನನಗೆ ಅಧಿಕಾರವೂ ಇರಲಿಲ್ಲ, ಕಾರಣವೂ ಇರಲಿಲ್ಲ.

ಮರುದಿನ ಹೋದಾಗ ಪುಸ್ತಕ ಕಾಣಲಿಲ್ಲ. ವಕೀಲರು ಕೋಟು ಹಾಕಿಕೊಂಡು ಕೂತಿದ್ದರು, ಮನೆಯಲ್ಲಿ ಅವರು ಕೋಟು ಹಾಕಿದ್ದನ್ನು ನಾನು ಕಂಡಿರಲಿಲ್ಲ.

“ಈ ಕಾದಂಬರಿ ನಾಮಂಜೂರು” ಎಂದರು.

“ಇನ್ನೊಂದು ಅಧ್ಯಾಯ ಅದರಿ, ಸಾಹೇಬ್ರ. ಪೂರಾ ಕೇಳದನ ಫೈಸಲಾ ಹೆಂಗ್ರಿ?”

“ಅರವತ್ತು ದಾಟಿದ ಗಂಡಸಿನ ಕಣ್ಣಾಗ ನೀರು ತರಸ್ತದ ಅಂದ್ರ, ಹರೇದ ಹುಡ್ಗ್ಯಾರ ಗತಿ ಏನೋ? ಮನಿ ಬಿಟ್ಟು ಓಡಿ ಹೋಗ್ತಾರ.”

“ಅಳೂ ಹಂಗ ಬರದಾರ ಅಂತನ ಶಿಫಾರಸು ಮಾಡೀನ್ರಿ.”

“ಅದಕ್ಕ ನಾ ಬ್ಯಾಡ ಅಂದೀನಿ. ಪುಸ್ತಕ ನನ್ನ ತಾಬಾದಾಗ ಇರತದ. ನೀ ಇನ್ನ ಹೋಗು.”

ಪರದೆಯ ಹಿಂದೆ ಯಾವ ಸಪ್ಪಳವೂ ಇರಲಿಲ್ಲ. ಮೇಲಿನವರಿಗೆ ದೂರು ಬರೆದೆ. ಸ್ಥಳೀಯ ಸಮಿತಿಯ ತೀರ್ಮಾನವೇ ಅಂತಿಮ ಎಂದು ಉತ್ತರ ಬಂತು. ಪ್ರಜಾಪ್ರಭುತ್ವ ಹೊಸದಾಗಿ ಬಂದಿತ್ತು, ನಮ್ಮ ಕಚೇರಿಗಳು ಮೊದಲು ಕಲಿತದ್ದು ಈ ವಾಕ್ಯವನ್ನೇ. ಇನ್ನೊಂದು ಪ್ರತಿ ಬೇಕೆಂದರೆ ಪುಸ್ತಕದ ಹೆಸರೇ ಗೊತ್ತಿಲ್ಲ, ಹುಬ್ಬಳ್ಳಿಯ ಅಂಗಡಿಯವರು ಕೈ ಚೆಲ್ಲಿದರು.

ವಾರ ಕಳೆದಿರಬೇಕು, ದೊಡ್ಡ ಬಾಯಾರು ಉರಿಯುತ್ತ ಗ್ರಂಥಾಲಯಕ್ಕೆ ಬಂದರು. ಕಲಬುರ್ಗಿಗೆ ಹೆಸರು ಕಳಿಸಲು ಅದೇ ಕೊನೆಯ ದಿನವಂತೆ. ವಕೀಲರ ಮನೆಗೆ ಹೋಗಿ ಹುಡುಗಿಯನ್ನು ಎದುರಿಗೆ ಕರೆದು ಕೇಳಿದ್ದರು.

“ಮಾವ ಎದುರಿಗೆ ಕುಂತು, ‘ನಿನ್ನ ಮನಸು ಹೆಂಗದ ಹಂಗ ಹೇಳವಾ’ ಅಂದ್ರು. ಈಕಿ ‘ನಾ ವಲ್ಲೆ’ ಅಂದ್ಲು! ಮೂರು ತಿಂಗಳು ಎಡತಾಕಿದ್ದು ನೀರಾಗ ಹೋತು. ಧೈರ್ಯ ಇಲ್ಲದ ಹುಡುಗಿ ಅದು, ಬಿಡ್ರಿ.”

ನಾನೂ ಹಾಗೇ ಅಂದುಕೊಂಡೆ. ಅವಳ ಹೆದರಿಕೆಯನ್ನು ನಾವಿಬ್ಬರೂ ಕೂತು ಚೆನ್ನಾಗಿ ಬೈದೆವು. ಮುಂದೆ ನನಗೆ ಬೇರೆ ಕಡೆಗೆ ವರ್ಗವಾಯಿತು. ರಾಜ್ಯ ಒಂದಾಯಿತು, ಕನ್ನಡದ ಬೋರ್ಡುಗಳು ಬಂದವು, ವಕೀಲರು ತೀರಿಕೊಂಡಾಗ ಪತ್ರಿಕೆಯಲ್ಲಿ ಅವರ ತ್ಯಾಗದ ಬಗ್ಗೆ ಬರೆದರು. ಬರೆದದ್ದೆಲ್ಲ ನಿಜವೇ ಆಗಿತ್ತು. ಅವರು ಬರೀ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮೂವತ್ತು ವರ್ಷದ ಮೇಲಿನ ಮಾತು. ನಿವೃತ್ತಿ ಹತ್ತಿರ ಬಂದಿತ್ತು, ನಾನು ಸುರಪುರದಲ್ಲಿದ್ದೆ. ಹರೆಯದವರ ಕಪಾಟನ್ನು ಮಾತ್ರ ಹೋದಲ್ಲೆಲ್ಲ ಕಟ್ಟುತ್ತ ಬಂದಿದ್ದೆ. ಒಂದು ಮಧ್ಯಾಹ್ನ ಹೈಸ್ಕೂಲು ಹುಡುಗಿಯೊಬ್ಬಳು ಬಂದಳು, ಜೊತೆಗೆ ನರೆತ ತಲೆಯ ಹೆಂಗಸು. ಹುಡುಗಿ ಕಾದಂಬರಿ ಕೇಳಿದಳು. ಒಂದನ್ನು ತೆಗೆದುಕೊಟ್ಟೆ. ಹೆಂಗಸು ಅದನ್ನು ಹುಡುಗಿಯ ಕೈಯಿಂದ ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟಳು.

“ಕಾದಂಬರಿ ಬ್ಯಾಡ್ರಿ. ಎಲ್ಲಾರೂ ಕೊನಿಗೆ ಹೊಳಿಗೆ ಬೀಳ್ತಾರ.”

“ಯಾರು ಬಿದ್ರವಾ ಹೊಳಿಗೆ?” ಎಂದೆ ನಗುತ್ತ.

ಆಕೆ ನನ್ನನ್ನೇ ನೋಡಿದಳು. “ನೀವೇ ಓದಿದ್ರಲ್ರಿ, ಮಾಸ್ತರ್ರ. ಶಹಾಪುರದಾಗ, ನಮ್ಮ ಮಾವನೋರ ಪಡಸಾಲ್ಯಾಗ.”

ನನ್ನ ನಗು ಅಲ್ಲಿಗೇ ನಿಂತಿತು. ಕುರ್ಚಿ ಕೊಟ್ಟು ಕೂರಿಸಿದೆ. ಮಾವ ಸತ್ತ ಮೇಲೆ ಸುರಪುರದ ಅಣ್ಣನ ಮನೆಯಲ್ಲಿ ಇದ್ದಾಳೆ. ಅಡುಗೆ ಅವಳದು, ಈ ಹುಡುಗಿ ಅಣ್ಣನ ಮೊಮ್ಮಗಳು. ನಾನು ಕೇಳದೆಯೇ ಹೇಳಿದಳು.

“ಆ ಸಂಜಿ ನೀವು ಹೋದ ಮ್ಯಾಲೆ ಮಾವನೋರು ಆ ಪುಸ್ತಕದ ಕೊನಿ ತಾವ ಓದಿದ್ರು. ಕೂಡಿಸಿ ಕೂಡಿಸಿ, ರಾತ್ರಿಯೆಲ್ಲ. ಮುಂಜಾನಿ ನನ್ನ ಕರದು ಕುಂದ್ರಿಸಿಕೊಂಡ್ರು. ‘ಆಕಿ ನಡು ಹೊಳ್ಯಾಗ ಹರಿಗೋಲದಿಂದ ಹಾರಿಬಿಟ್ಲವಾ. ಗಂಡ ಹೋದ ಕಡೆನ ಹೋದ್ಲು’ ಅಂತ ಹೇಳಿ, ಅತ್ತುಬಿಟ್ರು. ಪುಸ್ತಕ ಟ್ರಂಕಿನಾಗ ಹಾಕಿ ಕೀಲಿ ಹಾಕಿದ್ರು. ಆಕಿಗೇ ಆಗಲಿಲ್ಲಂದ್ರ ನನ್ನ ಕೈಲೆ ಏನಾಗ್ತದ ಅಂತ, ಬಾಯಾರಿಗೆ ‘ವಲ್ಲೆ’ ಅಂದೆ.”

ನನಗೆ ಮೈ ಉರಿದುಹೋಯಿತು. ಸತ್ತವರನ್ನು ಬೈಯಬಾರದೆಂದು ದೊಡ್ಡವರು ಹೇಳುತ್ತಾರೆ, ನಾನು ಮನಸ್ಸಿನಲ್ಲಿ ಬಾಯಿ ತುಂಬ ಬೈದೆ. ಕಷ್ಟಪಟ್ಟು ಓದಿ, ಸರಿಯಾಗಿ ಅರ್ಥ ಮಾಡಿಕೊಂಡು, ಆಮೇಲೆ ಆ ನಾಯಕಿಯನ್ನು ಕೊಲ್ಲುವುದೇ! ವಿಮೋಚನೆಗೆ ಜೇಲು ಕಂಡ ಮನುಷ್ಯ, ಮನೆಯ ಹುಡುಗಿಗೆ ಒಂದು ಕಾದಂಬರಿಯ ಕೊನೆಯನ್ನು ಬಿಟ್ಟುಕೊಡಲಿಲ್ಲ. ಅವರ ಅಳು ಸುಳ್ಳಲ್ಲ, ಮಗನ ನೆನಪೆಂದು ಮನೆಯಲ್ಲಿ ಉಳಿದದ್ದು ಅವಳೊಬ್ಬಳೇ ಎಂದು ಅತ್ತಿರಬೇಕು. ಆ ಅಳುವೇ ಅವಳನ್ನು ನಂಬಿಸಿತು.

“ಸುಳ್ಳು, ತಾಯಿ. ಆಕಿ ದಾಟಿದ್ಲು” ಎಂದೆ.

“ಖರೇನ್ರಿ?”

“ಖರೇನವಾ. ಕೊನಿ ಪುಟದಾಗ ಆಚಿ ದಂಡಿ ಸಾಲ್ಯಾಗ ನಿಂತಾಳ. ಗಂಟಿ ಬಾರಸಾಕತ್ತಾಳ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಕಣ್ಣಲ್ಲಿ ನೀರಿರಲಿಲ್ಲ. ಕೊನೆಗೆ ಎದ್ದು ನಿಂತು ಅಂದಳು:

“ನೀವು ಹೇಳಬಾರದಿತ್ರಿ, ಮಾಸ್ತರ್ರ. ಆಕಿ ಸತ್ತಾಳ ಅಂತ ತಿಳಕೊಂಡು ನಾ ಸಮಾಧಾನಲೆ ಇದ್ದೆ.”

ಅವಳು ಬಾಗಿಲವರೆಗೆ ಹೋದಳು. ಹುಡುಗಿ ಮೇಜಿನ ಬಳಿಯೇ ನಿಂತಿದ್ದಳು, ಕಣ್ಣು ಪುಸ್ತಕದ ಮೇಲೆ. ಸುಶೀಲಾ ಹೊರಳಿ ಬಂದಳು, ಪುಸ್ತಕವನ್ನು ಕೈಗೆತ್ತಿಕೊಂಡು ಗಡುಸಾಗಿ ಕೇಳಿದಳು:

“ಇದರಾಗ ಏನಾಗ್ತದ? ಮೊದಲ ಹೇಳ್ರಿ, ಆಮ್ಯಾಲೆ ಒಯ್ತೀವಿ.”

ಹೇಳಿದೆ. ಮೊದಲಿಂದ ಕೊನೆಯವರೆಗೆ, ಏನನ್ನೂ ಮುಚ್ಚಿಡದೆ ಹೇಳಿದೆ. ಅವಳು ತಲೆಯಾಡಿಸಿ ಪುಸ್ತಕವನ್ನು ಹುಡುಗಿಯ ಕೈಗೆ ಕೊಟ್ಟಳು. ಮತ್ತೆ ಅವಳು ಆ ಕಡೆ ಬರಲಿಲ್ಲ, ಹುಡುಗಿ ಮಾತ್ರ ಬರುತ್ತಿದ್ದಳು.

ಅಂದಿನಿಂದ ಇದು ನನ್ನ ಚಟ. ಹರೆಯದವರು ಯಾರೇ ಬಂದು ಕಾದಂಬರಿ ಕೇಳಲಿ, ನಾನು ಕೊನೆಯನ್ನು ಮೊದಲು ಹೇಳಿಬಿಡುತ್ತೇನೆ. ಓದಿನ ರುಚಿ ಕೆಡಿಸುತ್ತೀರಿ ಎಂದು ಸಹೋದ್ಯೋಗಿಗಳು ಜಗಳವಾಡಿದ್ದಾರೆ, ಮೇಲಧಿಕಾರಿಯೊಬ್ಬರು ನಗುತ್ತ ಎಚ್ಚರಿಕೆಯನ್ನೂ ಕೊಟ್ಟರು. ರುಚಿ ಕೆಟ್ಟರೆ ಕೆಡಲಿ. ನನ್ನ ಕೈಯಿಂದ ಹೋದ ಪುಸ್ತಕ ಯಾವ ಮನೆಯ ಟ್ರಂಕಿಗೆ ಬೀಳುತ್ತದೋ, ಉಳಿದ ಪುಟಗಳನ್ನು ಯಾರು ಅಳುತ್ತ ಯಾರಿಗೆ ಹೇಳುತ್ತಾರೋ ನನಗೇನು ಗೊತ್ತು? ಹುಡುಗಿ ದಾಟುತ್ತಾಳೆ ಎಂಬಷ್ಟನ್ನು ನಾನು ಮೊದಲೇ ಹೇಳಿ ಕಳಿಸುತ್ತೇನೆ. ಹೇಗೆ ದಾಟುತ್ತಾಳೆ ಎಂಬುದನ್ನು ಅವರೇ ಓದಿಕೊಳ್ಳಲಿ.