ಅಮ್ಮನಿಗೆ ಅಳೆದು ಕೊಟ್ಟ ಗಂಜಿ

ಅಮ್ಮನ ಜಠರದಲ್ಲಿ ಮೂರನೇ ಎರಡು ಪಾಲನ್ನು ಕತ್ತರಿಸಿ ತೆಗೆದಾಗ ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಒಂದು ವಾರವೂ ಆಗಿರಲಿಲ್ಲ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ವಿಜಯನಗರದಲ್ಲಿ, ಆರ್‌ಪಿಸಿ ಲೇಔಟಿಗೆ ಅಂಟಿಕೊಂಡ ರಸ್ತೆಯಲ್ಲಿ, ಒಂದೇ ಕಾಂಪೌಂಡಿನೊಳಗಿದ್ದ ಮೂರು ಮನೆಗಳಲ್ಲಿ ನಡುವಿನದು ನಮ್ಮದು. ಅಪ್ಪ ಮಾಗಡಿ ರಸ್ತೆಯ ಮಿಲ್ಲೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದರು. ಮಕ್ಕಳೆಂದರೆ ನಾನೊಬ್ಬಳೇ.

ಅಮ್ಮ ದಪ್ಪಗಿದ್ದಳು. ನಡೆದರೆ ಉಬ್ಬಸ ಬರುವಷ್ಟು ದಪ್ಪ. ನಮಗೆಲ್ಲ ಬಡಿಸಿ, ಕೊನೆಗೆ ಅಡುಗೆಮನೆಯಲ್ಲೇ ಕೂತು, ಪಾತ್ರೆಯ ತಳದಲ್ಲಿ ಉಳಿದ ಅನ್ನಕ್ಕೆ ಹುಳಿ ಕಲಸಿಕೊಂಡು ನಿಧಾನವಾಗಿ ಊಟ ಮಾಡುವಳು. ಆ ಹೊತ್ತಿನಲ್ಲಿ ಯಾರು ಕರೆದರೂ ಏಳುತ್ತಿರಲಿಲ್ಲ. ಹೊಟ್ಟೆ ಉರಿ ಎಂದು ವರ್ಷಗಟ್ಟಲೆ ಹೇಳುತ್ತಲೇ ಇದ್ದಳು. ಬಿಳಿ ಔಷಧಿ ಕುಡಿಯುವಳು, ತಣ್ಣನೆ ಹಾಲು ಕುಡಿಯುವಳು, ಮತ್ತೆ ಹಸಿಮೆಣಸಿನಕಾಯಿ ಚಟ್ನಿ ಅರೆಯುವಳು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಾಫಿ ಚರಟದಂಥ ಕಪ್ಪು ವಾಂತಿ ಮಾಡಿಕೊಂಡು ಗೋಡೆಗೆ ಒರಗಿದಳು. ಅವಳನ್ನು ಆಟೋದೊಳಗೆ ಕೂರಿಸಲು ಅಪ್ಪನ ಜೊತೆ ಇನ್ನಿಬ್ಬರು ಬೇಕಾದರು.

ಆಪರೇಷನ್ ಆಗಿ ಎರಡು ವಾರಕ್ಕೆ ಮನೆಗೆ ಕಳಿಸಿದರು. ಹೊರಡುವ ದಿನ ಅಪ್ಪ ಔಷಧಿ ತರಲು ಕೆಳಗೆ ಹೋಗಿದ್ದಾಗ ವಾರ್ಡಿನ ಸಿಸ್ಟರ್ ನನ್ನನ್ನು ಕರೆದರು.

"ಮನೇಲಿ ಅಡುಗೆ ಯಾರು ಮಾಡೋದು?"

"ಇನ್ಮೇಲೆ ನಾನೇ ಸಿಸ್ಟರ್."

"ಹಾಗಾದ್ರೆ ನೀನೇ ಸರಿಯಾಗಿ ಕೇಳ್ಕೋ. ಒಂದು ಸಲಕ್ಕೆ ಇಷ್ಟೇ," ಎಂದು ಟಾನಿಕ್ ಕುಡಿಯುವ ಪುಟ್ಟ ಔನ್ಸ್ ಗ್ಲಾಸನ್ನು ತೋರಿಸಿ, ಎರಡು ಬೆರಳು ಎತ್ತಿದರು. "ಎರಡು ಗ್ಲಾಸು. ಎರಡು ಗಂಟೆಗೊಂದ್ಸಲ. ಜಾಸ್ತಿ ಕೊಟ್ರೆ ಒಳಗಡೆ ಹೊಲಿಗೆ ಮೇಲೆ ಭಾರ ಬೀಳುತ್ತೆ. ಅದು ಬಿಚ್ಕೊಂಡ್ರೆ ಆಮೇಲೆ ನಾವೇನೂ ಮಾಡಕ್ಕಾಗಲ್ಲ. ಗೊತ್ತಾಯ್ತಾ?"

ಅವರು ನನ್ನನ್ನು ಹೆದರಿಸಲೆಂದು ಹೇಳಿದ್ದಲ್ಲ. ಎಲ್ಲರಿಗೂ ಹೇಳುವ ಹಾಗೇ ಹೇಳಿ ಮುಂದಿನ ಮಂಚಕ್ಕೆ ಹೋದರು. ನಾನು ಮಾತ್ರ ಆಟೋದಲ್ಲಿ ಬರುವಾಗ ಪ್ರತಿ ಗುಂಡಿಗೂ ಅಮ್ಮನ ಹೊಟ್ಟೆಯನ್ನು ನೋಡುತ್ತಿದ್ದೆ. ಅದರೊಳಗೆ, ನಮ್ಮ ಲಂಗಕ್ಕೆ ಹಾಕುವಂಥ ಒಂದು ಸಾಲು ಹೊಲಿಗೆ ಇದೆ, ಅದು ಈಗಲೋ ಆಗಲೋ ಬಿಟ್ಟುಕೊಳ್ಳುತ್ತದೆ ಎಂದೇ ನನ್ನ ಕಣ್ಣಿಗೆ ಕಾಣುತ್ತಿತ್ತು.

ಪಥ್ಯದ ಹಾಳೆ ಇಂಗ್ಲಿಷಿನಲ್ಲಿ ಟೈಪಾಗಿತ್ತು. ಡಿಕ್ಷನರಿ ಇಟ್ಟುಕೊಂಡು ನಾನೇ ಅದನ್ನು ಕನ್ನಡಕ್ಕೆ ಇಳಿಸಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಒಲೆಯ ಪಕ್ಕ ಅಂಟಿಸಿದೆ. ಮೊದಲು ಬರೀ ತಿಳಿ: ಬೇಳೆ ಕಟ್ಟು, ನೀರು ಮಜ್ಜಿಗೆ, ಗಂಜಿ ತಿಳಿ. ಆಮೇಲೆ ನುಣ್ಣಗೆ ಹಿಸುಕಿದ ಅನ್ನ. ಆಮೇಲೆ ಇಡ್ಲಿ, ಬೇಯಿಸಿದ ಮೊಟ್ಟೆ. ಊಟದ ಜೊತೆ ನೀರು ಕೂಡದು. ಸಕ್ಕರೆ, ಬೆಲ್ಲ ಕೂಡದು. ಚೆನ್ನಾಗಿ ಅಗಿಯಬೇಕು, ಉಂಡ ಮೇಲೆ ಸ್ವಲ್ಪ ಹೊತ್ತು ಮಲಗಬೇಕು. ಎರಡು ಮೂರು ಕಡೆ 'ಆಸ್ ಟಾಲರೇಟೆಡ್' ಎಂದಿತ್ತು. ಡಿಕ್ಷನರಿಯಲ್ಲಿ 'ಸಹಿಸು' ಎಂದು ಸಿಕ್ಕಿತು. ಹಾಗಾಗಿ ನಾನು 'ಸಹಿಸಿಕೊಂಡು ತಿನ್ನಬೇಕು' ಎಂದು ಬರೆದೆ.

ಅಲಾರಂ ಗಡಿಯಾರವನ್ನು ಅಡುಗೆಮನೆಗೆ ತಂದಿಟ್ಟುಕೊಂಡೆ. ಏಳು ಗಂಟೆಗೆ ಕಟ್ಟು, ಒಂಬತ್ತಕ್ಕೆ ಮಜ್ಜಿಗೆ, ಹನ್ನೊಂದಕ್ಕೆ ಗಂಜಿ. ಔನ್ಸ್ ಗ್ಲಾಸಿನ ಗೆರೆಗೆ ಕಣ್ಣು ಸಮ ಹಿಡಿದು ಸುರಿಯುವೆ. ಒಂದು ಹನಿ ಮೇಲಾದರೆ ಚಮಚದಲ್ಲಿ ತೆಗೆದುಬಿಡುವೆ. ಅಮ್ಮ ಚಮಚ ಬಾಯಿಗಿಟ್ಟಾಗಲೆಲ್ಲ ನಾನು ಉಸಿರು ಹಿಡಿದಿರುತ್ತಿದ್ದೆ. ಅವಳು ಕೆಮ್ಮಿದರೂ, ಬೇಗ ನುಂಗಿದರೂ, "ಮೆಲ್ಲಗಮ್ಮಾ, ಹೊಲಿಗೆ ಬಿಚ್ಕೊಳುತ್ತೆ" ಎನ್ನುವೆ. ಅವಳು ಮಲಗಿದ ಮೇಲೆ ಸೀರೆಯ ಮೇಲಿಂದ ಹೊಟ್ಟೆ ಏರಿ ಇಳಿಯುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಪ್ಪನಿಗೆ ನನ್ನ ಭಯ ಗೊತ್ತಿರಲಿಲ್ಲ. "ಮಗಳು ನರ್ಸಿಗಿಂತ ಚೆನ್ನಾಗಿ ನೋಡ್ಕೋತಾಳೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಮನೆಗೆ ಬಂದ ಎರಡನೇ ವಾರ ಪಕ್ಕದ ಮನೆಯ ಆಂಟಿ ಅಮ್ಮನನ್ನು ನೋಡಲು ಬಂದರು. ಅಮ್ಮ ಗೋಡೆ ಹಿಡಿದು ನಡೆಯುತ್ತಿದ್ದುದನ್ನು ಕಂಡು ಅವರಿಗೆ ಮರುಕವಾಯಿತು. ಮನೆಗೆ ಹೋಗಿ ಗ್ಲೂಕೋಸ್ ಪುಡಿಯ ಡಬ್ಬ ತಂದು ನನ್ನ ಕೈಗಿಟ್ಟರು.

"ಒಂದ್ ಲೋಟ ನೀರಿಗೆ ಮೂರ್ ಚಮಚ ಹಾಕಿ ಕೊಡು. ಪಾಪ, ನಿಂತ್ಕೊಳಕ್ಕೂ ಶಕ್ತಿ ಇಲ್ಲ ಅವರಿಗೆ."

"ಸಕ್ಕರೆ ಕೊಡಬಾರ್ದು ಅಂತ ಬರ್ದಿದಾರೆ ಆಂಟಿ."

"ಇದು ಸಕ್ಕರೆ ಅಲ್ಲ ಕಣೇ, ಗ್ಲೂಕೋಸು. ಆಸ್ಪತ್ರೇಲಿ ಬಾಟ್ಲಿಗಟ್ಟಲೆ ಏರಿಸಿದ್ದು ಇದನ್ನೇ ತಾನೆ?"

ಅದು ನಿಜವೇ ಅನಿಸಿತು. ಅಮ್ಮನ ಕೈಗೆ ಸೂಜಿ ಚುಚ್ಚಿ ದಿನಗಟ್ಟಲೆ ಹರಿಸಿದ್ದು ಗ್ಲೂಕೋಸೇ ಅಲ್ಲವೇ. ಮಾರನೇ ದಿನ ಹನ್ನೊಂದು ಗಂಟೆಗೆ, ಅಪ್ಪ ಮೊದಲ ಶಿಫ್ಟಿಗೆ ಹೋಗಿದ್ದಾಗ, ಬರೀ ನೀರು ತಾನೆ ಎಂದು ಅಳತೆಯನ್ನೂ ಬಿಟ್ಟು, ಒಂದು ಲೋಟ ಕಲಸಿ ಕೊಟ್ಟೆ. ಸೆಖೆ ವಿಪರೀತವಿತ್ತು. ಎಷ್ಟೋ ದಿನದ ಮೇಲೆ ತುಂಬಿದ ಲೋಟ ಸಿಕ್ಕಿತೆಂದು ಅಮ್ಮ ಗಟಗಟನೆ ಕುಡಿದಳು. ನಾನು ತಡೆಯಲಿಲ್ಲ. ಅವಳು ಆಸೆಯಿಂದ ಏನನ್ನಾದರೂ ಕುಡಿದದ್ದು ಕಂಡು ನನಗೂ ಖುಷಿಯಾಗಿತ್ತು.

ಕಾಲು ಗಂಟೆ ಆಗಿರಬಹುದು. "ಒಂಥರಾ ಆಗ್ತಿದೆ ಕಣೇ" ಎಂದಳು. ಹಣೆಯಲ್ಲಿ ಬೆವರು ಬಂತು, ಆಮೇಲೆ ಕತ್ತು, ರವಿಕೆ ಎಲ್ಲ ಒದ್ದೆಯಾಯಿತು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಎದೆಯ ಮೇಲೆ ಕೈಯಿಟ್ಟುಕೊಂಡು, "ಹೆಂಗೆ ಹೊಡ್ಕೋತಿದೆ ನೋಡು" ಎಂದು ನನ್ನ ಕೈ ಎಳೆದಳು. ಮುಟ್ಟಿದೆ. ಎದೆ ಅಷ್ಟು ಜೋರಾಗಿ ಬಡಿದುಕೊಳ್ಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಮುಲುಗುತ್ತ ನೆಲಕ್ಕೇ ಜಾರಿದಳು.

ಹೊಲಿಗೆ ಬಿಚ್ಚಿತು ಎಂದುಕೊಂಡೆ. ನಾನೇ ಬಿಚ್ಚಿಸಿದೆ. ಇನ್ನು ಅಮ್ಮ ಸಾಯುತ್ತಾಳೆ, ಅಪ್ಪ ಮೂರು ಗಂಟೆಗೆ ಬಂದು ಏನಾಯ್ತು ಎಂದು ಕೇಳುತ್ತಾರೆ, ನಾನು ಆ ಲೋಟ ತೋರಿಸಬೇಕಾಗುತ್ತದೆ. ಅಂಥ ಹೊತ್ತಿನಲ್ಲೂ ಲೋಟದ ಯೋಚನೆ ಬಂದದ್ದು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಅಂಗಡಿಯಿಂದ ಮಿಲ್ಲಿಗೆ ಫೋನ್ ಮಾಡಿಸಬೇಕೆಂದು ಎದ್ದೆ. ಅಮ್ಮ ಕೈ ಬಿಡಲಿಲ್ಲ.

"ಹೋಗ್ಬೇಡ. ಒಬ್ಬಳನ್ನೇ ಬಿಟ್ಟು ಹೋಗ್ಬೇಡ."

ಹೋಗಲಿಲ್ಲ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಸೆರಗಿನಿಂದಲೇ ಬೆವರು ಒರೆಸುತ್ತ ಕೂತೆ. ಅಲಾರಂ ಗಡಿಯಾರದ ಟಿಕ್ ಟಿಕ್ ಒಂದೇ ಕೇಳುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಬೆವರು ನಿಂತಿತು, ಉಸಿರು ಸಮಕ್ಕೆ ಬಂತು. ಅಮ್ಮ ಕಣ್ಣು ಬಿಟ್ಟು, "ಅಪ್ಪಂಗೆ ಹೇಳ್ಬೇಡ, ಹೆದರ್ಕೋತಾರೆ" ಎಂದಳು. ಡಬ್ಬವನ್ನು ಆಂಟಿಗೆ ವಾಪಸ್ ಕೊಟ್ಟು ಬಂದೆ. ಯಾಕೆಂದು ಹೇಳಲಿಲ್ಲ.

ಅವತ್ತಿನಿಂದ ನಾನು ಇನ್ನಷ್ಟು ಬಿಗಿಯಾದೆ. ಅಮ್ಮನಿಗೆ ಬಾಯಿಚಪಲ, ಯಾರೂ ಇಲ್ಲದಾಗ ಏನಾದರೂ ಬಾಯಿಗೆ ಹಾಕಿಕೊಂಡಾಳು ಎಂದು ಬೆಲ್ಲದ ಡಬ್ಬ, ಉಪ್ಪಿನಕಾಯಿ ಭರಣಿ ಎಲ್ಲವನ್ನೂ ಅಟ್ಟದ ಮೇಲಿಟ್ಟೆ. ಯಾರಾದರೂ ಮಾವಿನಹಣ್ಣು ತಂದರೆ ಬಾಗಿಲಲ್ಲೇ ಇಸಿದುಕೊಳ್ಳುತ್ತಿದ್ದೆ. ಅಮ್ಮ ಏನೂ ಕೇಳುತ್ತಿರಲಿಲ್ಲ. ಹಿಸುಕಿದ ಅನ್ನದ ದಿನಗಳು ಬಂದವು, ಇಡ್ಲಿಯ ದಿನಗಳು ಬಂದವು. "ಬಟ್ಟಲು ಅಲ್ಲಿಟ್ಟು ಹೋಗು, ನೀನು ನೋಡ್ತಾ ನಿಂತ್ರೆ ನುಂಗಕ್ಕಾಗಲ್ಲ" ಎಂದು ಅಮ್ಮ ಹೇಳತೊಡಗಿದಳು. ಹೋಗುತ್ತಿದ್ದೆ. ಬಟ್ಟಲು ಖಾಲಿಯಾಗಿ ವಾಪಸ್ ಬರುತ್ತಿತ್ತು.

ಆದರೂ ಅಮ್ಮ ಕರಗುತ್ತಲೇ ಹೋದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ರವಿಕೆಗಳನ್ನೆಲ್ಲ ಎರಡೆರಡು ಸಲ ಹಿಡಿದು ಹೊಲಿದೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಕಾಂಪೌಂಡಿನಲ್ಲಿ ಎಲ್ಲರೂ ಅದನ್ನು ಒಳ್ಳೆಯದೆಂದೇ ತಿಳಿದಿದ್ದರು. "ಏನ್ರೀ, ಮದುವೆ ಹುಡುಗಿ ಥರ ಆಗ್ಬಿಟ್ರಿ" ಎಂದು ಆಂಟಿ ನಗುವರು. ಅಮ್ಮನೂ ನಗುವಳು. ನನಗೆ ಮಾತ್ರ ಆ ನಗು ಕಂಡರೆ ಭಯವಾಗುತ್ತಿತ್ತು, ಯಾಕೆಂದರೆ ನಗುವಾಗ ಅವಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

ಒಂದು ಮಧ್ಯಾಹ್ನ ಹಿತ್ತಲಿನ ಒಗೆಯುವ ಕಲ್ಲಿನ ಹಿಂದೆ ಇರುವೆ ಸಾಲು ಕಂಡೆ. ಬಗ್ಗಿ ನೋಡಿದೆ. ಕಲ್ಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅನ್ನ ಒಣಗಿ ಹೆಪ್ಪುಗಟ್ಟಿತ್ತು. ಅದರ ಮೇಲೆ ಆ ಬೆಳಗಿನ ಇಡ್ಲಿ, ಮೊಟ್ಟೆಯ ಬಿಳಿ. ಎಷ್ಟೋ ದಿನದ್ದು, ಪದರ ಪದರವಾಗಿ.

ಅಮ್ಮ ನನ್ನ ಹಿಂದೆಯೇ ಬಂದು ನಿಂತಿದ್ದಳು.

"ಯಾಕಮ್ಮಾ?" ಎಂದೆ.

ಅವಳು ಆ ಕಲ್ಲಿನ ಮೇಲೆ ಕೂತಳು. "ಬಾಯಿಗೆ ಇಟ್ಕೋತೀನಿ ಕಣೇ. ಅಗಿಯೋವರ್ಗೂ ಸರಿ ಇರುತ್ತೆ. ನುಂಗ್ಬೇಕು ಅಂದಾಗ ಅವತ್ತಿನ ಥರ ಆಗ್ಬಿಟ್ರೆ ಅನ್ಸುತ್ತೆ. ಗಂಟ್ಲು ಕಟ್ಕೊಂಡ್ಬಿಡುತ್ತೆ." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅವತ್ತು ಒಂದು ಹೊಲಿಗೆ ಹೋಗಿದೆ ಅನ್ಸುತ್ತೆ ನಂಗೆ. ಇನ್ನೊಂದು ಹೋದ್ರೆ ನಿಮ್ಮಿಬ್ರ ಗತಿ ಏನು?" ಎಂದಳು.

ಬೆಲ್ಲದ ಡಬ್ಬವನ್ನು ಅಟ್ಟದ ಮೇಲೆ ಬಚ್ಚಿಟ್ಟು, ಅವಳು ಕದ್ದು ತಿಂದಾಳೆಂದು ನಾನು ಕಾವಲು ಕಾದಿದ್ದೆ. ಅವಳು ಹೊಟ್ಟೆಗಿಲ್ಲದೆ ಸವೆಯುತ್ತಿದ್ದಳು. ಹೊಲಿಗೆಯ ಮಾತನ್ನು ಅವಳ ತಲೆಗೆ ತುಂಬಿದವಳೂ ನಾನೇ, ದಿನಕ್ಕೆ ಹತ್ತು ಸಲ ಹೇಳಿ ಹೇಳಿ.

ಆ ಸಂಜೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ಗ್ಲೂಕೋಸಿನದೂ ಸೇರಿ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು, "ನಾಳೆ ರಜ ಹಾಕ್ತೀನಿ" ಎಂದರು.

ಆಸ್ಪತ್ರೆಯಲ್ಲಿ ತೂಕದ ಯಂತ್ರದ ಮುಳ್ಳು ನಿಂತ ಕಡೆ ಡಾಕ್ಟರು ಎರಡು ಸಲ ನೋಡಿದರು. ನಾನು ಗ್ಲೂಕೋಸಿನ ಕತೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

"ಹೊಲಿಗೆ ಏನೂ ಬಿಚ್ಚಿಲ್ಲಮ್ಮ. ಇಂಥ ಆಪರೇಷನ್ ಆದವ್ರಿಗೆ ಸಿಹಿ ನೀರು ಒಂದೇ ಸಲ ಹೋದ್ರೆ ಹಾಗೇ ಆಗುತ್ತೆ. ಹೊಟ್ಟೇಲಿ ನಿಲ್ಲಲ್ಲ, ಸೀದಾ ಕರುಳಿಗೆ ಇಳಿದ್ಬಿಡುತ್ತೆ. ಬೆವರು ಬರುತ್ತೆ, ಎದೆ ಹೊಡ್ಕೊಳುತ್ತೆ. ಮಲಗಿದ್ರೆ ಸರಿ ಹೋಗುತ್ತೆ." ಅಮ್ಮನ ಕಡೆ ತಿರುಗಿದರು. "ಒಳಗಡೆ ಗಾಯ ಚೆನ್ನಾಗಿ ಕೂಡ್ಕೊಂಡಿದೆ. ಈಗ ನಂಗೆ ಭಯ ಆಗ್ತಿರೋದು ನಿಮ್ಮ ತೂಕ ನೋಡಿ. ಹೀಗೇ ಇನ್ನೊಂದು ತಿಂಗಳು ತಿನ್ನದೇ ಇದ್ರೆ ಮತ್ತೆ ಅಡ್ಮಿಟ್ ಮಾಡ್ಬೇಕಾಗುತ್ತೆ."

ನಾನು ಮಡಚಿ ತಂದಿದ್ದ ಕ್ಯಾಲೆಂಡರ್ ಹಾಳೆಯನ್ನು ಅವರು ಓದಿದರು. 'ಸಹಿಸಿಕೊಂಡು ತಿನ್ನಬೇಕು' ಎಂಬ ಕಡೆ ಬೆರಳಿಟ್ಟು, "ಇದು ಹಾಗಲ್ಲ, ಒಗ್ಗಿದಷ್ಟು ತಿನ್ನಬೇಕು ಅಂತ" ಎಂದು ತಾವೇ ತಿದ್ದಿ ಬರೆದರು.

ಡಾಕ್ಟರು ಹೇಳಿದ ಮಾತ್ರಕ್ಕೆ ಭಯ ಹೋಗಲಿಲ್ಲ. ಮಾರನೇ ದಿನ ಅಮ್ಮ ಅರ್ಧ ಇಡ್ಲಿಯ ಮುಂದೆ ಕೂತು ಅದನ್ನು ಮುಟ್ಟಲಾರದೆ ಅತ್ತಳು. ನಾನು ಉಳಿದ ಅರ್ಧವನ್ನು ನನ್ನ ತಟ್ಟೆಗೆ ಹಾಕಿಕೊಂಡು ಎದುರಿಗೆ ಕೂತೆ.

"ಇಬ್ರೂ ಒಟ್ಟಿಗೆ ಹಾಕ್ಕೊಳೋಣ. ಅಗೀತಾ ಎಣಿಸು."

ಇಬ್ಬರೂ ಚೂರು ಮುರಿದು ಬಾಯಿಗಿಟ್ಟುಕೊಂಡು ಮೂವತ್ತರವರೆಗೆ ಎಣಿಸಿದೆವು. ನಾನು ನುಂಗಿದೆ. ಅಮ್ಮ ನನ್ನ ಗಂಟಲನ್ನೇ ನೋಡುತ್ತಿದ್ದು, ಕಣ್ಣು ಮುಚ್ಚಿ ನುಂಗಿದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡಿದ್ದೆ. ನಾಡಿ ಓಡುತ್ತಿತ್ತು. ಅದು ಅವಳದೋ ನನ್ನದೋ ತಿಳಿಯಲಿಲ್ಲ. ಆ ಅರ್ಧ ಇಡ್ಲಿಗೆ ಮುಕ್ಕಾಲು ಗಂಟೆ ಹಿಡಿಯಿತು.

ದಿನಕ್ಕೆ ಆರು ಸಲ ಹೀಗೆಯೇ ಕೂತೆವು. ಕೆಲವು ದಿನ ಎರಡು ತುತ್ತಿಗೇ ಸಾಕೆನ್ನುವಳು. ಒಂದು ದಿನ ವಾಂತಿಯಾಗಿ ಮತ್ತೆ ಮೂರು ದಿನ ಹೆದರಿದಳು. ಕಾಲೇಜು ಶುರುವಾಗುವ ಹೊತ್ತಿಗೆ ಒಂದು ಇಡ್ಲಿ, ಒಂದು ಸೌಟು ಮೆತ್ತನೆ ಅನ್ನ ಹಿಡಿಸುತ್ತಿತ್ತು. ತೂಕ ಇಳಿಯುವುದು ನಿಂತಿತು. ಮೊದಲಿನ ಮೈ ಮತ್ತೆಂದೂ ಬರಲಿಲ್ಲ.

ಆ ವರ್ಷದ ಕೊನೆಯಲ್ಲಿ ಬಸವೇಶ್ವರನಗರದ ಒಂದು ಛತ್ರದಲ್ಲಿ ನೆಂಟರ ಮದುವೆ. ಆಪರೇಷನ್ ಆದ ಮೇಲೆ ಅಮ್ಮ ಎಲೆಯ ಮುಂದೆ ಕೂತದ್ದು ಅದೇ ಮೊದಲು. ಬಡಿಸುವವರು ಬಂದಾಗಲೆಲ್ಲ ನಾನು ಅವಳ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಹೋಳಿಗೆ ಬಂದಾಗ ಅಮ್ಮ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು. ಹಾಕಿಸಿಕೊಂಡು, ಬೆರಳ ತುದಿಯಷ್ಟು ಮುರಿದು, ಉಳಿದದ್ದನ್ನು ನನ್ನ ಎಲೆಗೆ ಹಾಕಿದಳು. ಆ ಚೂರನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

ನಾನು ಊಟ ಬಿಟ್ಟು ಗೋಡೆಯ ಗಡಿಯಾರ ನೋಡುತ್ತಿದ್ದೆ. ಐದು ನಿಮಿಷ. ಹತ್ತು. ಅವಳ ಹಣೆ ನೋಡಿದೆ, ಒಣಗಿತ್ತು. ಪಂಕ್ತಿಯಲ್ಲಿ ಕೆಲವರು ಆಗಲೇ ಕೈ ತೊಳೆಯಲು ಏಳುತ್ತಿದ್ದರು. ಹದಿನೈದು ನಿಮಿಷವಾಯಿತು.

"ಏನೂ ಆಗಿಲ್ಲ ಕಣೇ. ನೀನು ಊಟ ಮಾಡು," ಎಂದಳು ಅಮ್ಮ.

ಅನ್ನ ತಣ್ಣಗಾಗಿತ್ತು. ಒಂದು ಕಣ್ಣು ಅವಳ ಮೇಲೆ ಇಟ್ಟುಕೊಂಡೇ ಕಲಸಿದೆ.