ಮಗಳ ಅಗಲದ ಟೈರು

ಬಂಧುಗಳೇ, ಟೈರ್ ಕೊಳ್ಳಲು ಮನೆಮಂದಿಯೆಲ್ಲ ಹೋಗಬಾರದು ಎಂದು ಇವತ್ತು ಗೊತ್ತಾಯಿತು. ಸೀರೆ ಅಂಗಡಿಗೆ ಹೋದಂತೆ ನಾನೂ ನನ್ನವಳೂ ಮಗಳು ಕಾವ್ಯಳ ಜೊತೆ ಶಿವಾಜಿನಗರಕ್ಕೆ ಹೋಗಿದ್ದೆವು.

ಕಾವ್ಯಳಿಗೆ ತನ್ನ ಪುಟ್ಟ ಸ್ಪೋರ್ಟಿ ಕಾರಿಗೆ ಕಂಪನಿಯ ಅಳತೆಗಿಂತ ಅಗಲವಾದ ಟೈರೇ ಬೇಕಿತ್ತು. ತಿರುವಿನಲ್ಲಿ ರಸ್ತೆಗೆ ಅಂಟಿಕೊಂಡು ಹೋಗುತ್ತದಂತೆ. ಹಾಕಿಸಿದಳು. ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹೊರಟೆವು. ಮೊದಲ ರೋಡ್ ಹಂಪಿನಲ್ಲೇ ಕೆಳಗಿನಿಂದ ‘ಕರ್ರ್’ ಎಂದಿತು.

ವಾಪಸ್ ಬಂದಾಗ ಟೈರ್ ಅಂಗಡಿಯ ರಫೀಕ್ ಸಾಹೇಬರು ಬಗ್ಗಿ ನೋಡಿದರು. “ಹಿಂದೆ ಖಾಲಿ ಇದ್ರೆ ಫಸ್ಟ್ ಕ್ಲಾಸ್ ಮೇಡಂ. ಅಂಕಲ್ ಆಂಟಿ ಕೂತ್ರೆ ಗಾಡಿ ಇಳಿತೈತೆ, ಟೈರು ಮಡ್‌ಗಾರ್ಡಿಗೆ ಉಜ್ತೈತೆ. ಕಂಪನಿ ಸೈಜೇ ಹಾಕ್ಲಾ?”

ಕಾವ್ಯ ಟೈರನ್ನು ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ಟೈರನ್ನೇ ನೋಡುತ್ತ ನಿಂತಳು.

“ಇದ್ರಲ್ಲಿ ಯೋಚ್ನೆ ಮಾಡೋದೇನೇ? ಹೆತ್ತವ್ರು ಕಣೇ ನಾವು!” ಎಂದಳು ನನ್ನವಳು.

“ಗೊತ್ತಮ್ಮಾ. ಅದಕ್ಕೇ ಒಳ್ಳೆ ಆಟೋ ನೋಡಿ ಹತ್ತಿಸ್ತೀನಿ.”

ಹತ್ತಿಸಿಯೂಬಿಟ್ಟಳು. ಹಲಸೂರಿನ ನಮ್ಮ ಮನೆಯವರೆಗೆ ಆ ಆಟೋದ ಸಣಕಲು ಟೈರುಗಳು ಎಷ್ಟೋ ಹಂಪುಗಳನ್ನು ಹಾರಿದವು. ನಮ್ಮ ತೂಕದ ಬಗ್ಗೆ ಮಾತ್ರ ಒಂದು ಮಾತೂ ಎತ್ತಲಿಲ್ಲ.